ಲ್ಯಾಬ್ರಡಾರ್‌ನ ತಟ್ಟೆಗೆ ಎಷ್ಟು ಹಾಕಬೇಕು?

ಲ್ಯಾಬ್ರಡಾರ್ ಎಷ್ಟು ಹಸಿವು ತೋರಿಸುತ್ತದೆ ಎಂದು ನೋಡಿ ಊಟ ಹಾಕಬಾರದು. ಈ ತಳಿಯಲ್ಲಿ ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಪಿಒಎಂಸಿ ಎಂಬ ವಂಶವಾಹಿಯಲ್ಲೇ ಊನ ಉಂಟೆಂದು 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟಿದ್ದಾರೆ. ಅಂಥ ನಾಯಿಗೆ ಉಂಡ ಮೇಲೂ ಬೇಗನೆ ಮತ್ತೆ ಹಸಿವಾಗುತ್ತದೆ. ಸುಮ್ಮನೆ ಮಲಗಿದ್ದಾಗ ಖರ್ಚಾಗುವ ಶಕ್ತಿಯೂ ಕಾಲು ಭಾಗದಷ್ಟು ಕಡಿಮೆ. ಉಂಡು ಐದು ನಿಮಿಷಕ್ಕೆ ಅಡುಗೆಮನೆ ಬಾಗಿಲಲ್ಲಿ ಕೂತು ಜೊಲ್ಲು ಸುರಿಸಿದರೆ ಕರುಳು ಚುರುಕ್ ಎನ್ನುತ್ತದೆ, ನಿಜ. ಆದರೂ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.

ದಪ್ಪ ಆಗಿದೆಯೇ ಎಂದು ತಿಳಿಯಲು ಪಕ್ಕೆಲುಬು ಸವರಿ ನೋಡಿ. ನಿಮ್ಮ ಕೈಯನ್ನು ಅಗಲಿಸಿ ಹಿಡಿದು ಅದರ ಹಿಂಭಾಗ ಮುಟ್ಟಿದರೆ ಎಲುಬು ಹೇಗೆ ಸಿಗುತ್ತದೋ ಹಾಗೆ ಸಿಕ್ಕಿದರೆ ಸರಿಯಾಗಿದೆ. ಮುಷ್ಟಿಯ ಗೆಣ್ಣುಗಳಂತೆ ಎದ್ದಿದ್ದರೆ ಸೊರಗಿದೆ. ಅಂಗೈಯಂತೆ ಮೆತ್ತಗಿದ್ದು ಒತ್ತಿ ಹುಡುಕಬೇಕಾದರೆ ಕೊಬ್ಬು ಕೂಡಿದೆ. ಮೇಲಿನಿಂದ ನೋಡುವಾಗ ಸೊಂಟವೂ ಒಳಸರಿದು ಕಾಣಬೇಕು. ತೂಕಕ್ಕೆ ಅಡಿಕೆ ತೂಗುವ ತಕ್ಕಡಿ ಧಾರಾಳ ಸಾಕು. 15 ದಿನಕ್ಕೊಮ್ಮೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೂರಿಸಿ ಬರೆದಿಡಿ.

30 ಕಿಲೋ ಇರಬೇಕಾದ ನಾಯಿ 36 ಕಿಲೋ ಆಗಿದೆ ಎನ್ನಿ. ಇಳಿಸಬೇಕಾದರೆ 30 ಕಿಲೋಗೆ ಲೆಕ್ಕ ಹಾಕಬೇಕು, 36ಕ್ಕೆ ಅಲ್ಲ. ದಿನಕ್ಕೆ ಸುಮಾರು 900 ಕ್ಯಾಲೊರಿ. ಅಂಗಡಿಯ ಒಣ ಆಹಾರದಲ್ಲಿ 100 ಗ್ರಾಮಿಗೆ ಸಾಧಾರಣ 350ರಿಂದ 380 ಕ್ಯಾಲೊರಿ ಇರುತ್ತದೆ, ಅಂದರೆ ದಿನಕ್ಕೆ ಸುಮಾರು 240ರಿಂದ 260 ಗ್ರಾಮ್, ಎರಡು ಹೊತ್ತಿಗೆ. ಪೊಟ್ಟಣದ ಹಿಂದಿನ ಕೋಷ್ಟಕವನ್ನು ಕಣ್ಣುಮುಚ್ಚಿ ನಂಬಬೇಡಿ. ಜಗಲಿಯಲ್ಲಿ ಮಲಗಿರುವ ನಾಯಿಗೆ ಅದು ಹೆಚ್ಚಾಗುವುದೇ ಜಾಸ್ತಿ. ಕುಡ್ತೆಯಲ್ಲಿ ಅಳೆಯುವುದೂ ಬೇಡ. ಒಬ್ಬರು ಮಟ್ಟಸ ತುಂಬಿದರೆ ಇನ್ನೊಬ್ಬರು ಗೋಪುರ ಕಟ್ಟುತ್ತಾರೆ. ಅಡುಗೆಮನೆಯ ಸಣ್ಣ ತೂಕದ ಯಂತ್ರದಲ್ಲಿ ತೂಗಿ. ಬೆಳೆಯುವ ಮರಿಗೆ ಈ ಲೆಕ್ಕ ಹೊಂದುವುದಿಲ್ಲ, ಅದಕ್ಕೆ ಡಾಕ್ಟರನ್ನೇ ಕೇಳಿ.

ಮನೆಯ ಅನ್ನವೂ ಸೇರಬೇಕೆಂದಿದ್ದರೆ ಒಣ ಆಹಾರವನ್ನು 125 ಗ್ರಾಮಿಗೆ ಇಳಿಸಿ, ತಿಳಿ ಬಸಿದ ಕುಚ್ಚಲಕ್ಕಿ ಅನ್ನ 150 ಗ್ರಾಮ್, ಚರ್ಮ ತೆಗೆದು ಬೇಯಿಸಿದ ಕೋಳಿ 150 ಗ್ರಾಮ್ ಹಾಕಿ. ಹೊಟ್ಟೆ ತುಂಬಿಸಲು ಅಲಸಂಡೆ, ಸೋರೆಕಾಯಿ, ಚೀನಿಕಾಯಿ ಬೇಯಿಸಿ 200 ಗ್ರಾಮ್. ಉಪ್ಪು, ಮೆಣಸು, ಒಗ್ಗರಣೆ ಬೇಡ. ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಒಂದು ಸೌಟು ಕೂಡ ಬೇಡ, ಅವು ನಾಯಿಯ ರಕ್ತಕಣ ಒಡೆಯುತ್ತವೆ. ಬೂತಾಯಿ ಕೊಡುವುದಾದರೆ ಅದು ಎಣ್ಣೆ ಮೀನು, ಕೋಳಿಯ ಪಾಲನ್ನು ತಗ್ಗಿಸಿ, ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ. ಮಾಂಸ ತಾರದ ಮನೆಗಳಲ್ಲಿ ಬರೀ ಹಾಲು ಅನ್ನದ ಮೇಲೆ ನಾಯಿ ಸಾಕಲು ಹೊರಡಬೇಡಿ. ಒಣ ಆಹಾರವೇ ಮುಖ್ಯ ಊಟವಾಗಿರಲಿ.

ಇಷ್ಟೆಲ್ಲ ತೂಗಿ ಹಾಕಿದರೂ ತೂಕ ಇಳಿಯದಿರುವುದು ಹೆಚ್ಚಾಗಿ ಮನೆಮಂದಿಯ ಪ್ರೀತಿಯಿಂದ. ಅಜ್ಜಿ ಬೆಳಗ್ಗೆ ದೋಸೆಯ ತುಂಡು, ಅಪ್ಪ ಚಾಯದ ಹೊತ್ತಿಗೆ ಬಿಸ್ಕೆಟು, ಮಕ್ಕಳು ಶಾಲೆಯಿಂದ ಬಂದು ನೇಂದ್ರ ಚಿಪ್ಸು. ಕೊಡಬೇಡಿ ಎಂದರೆ ಹಿರಿಯರಿಗೆ ಬೇಸರ, ಗುಟ್ಟಾಗಿ ಕೊಡುತ್ತಾರೆ. ಅದಕ್ಕೊಂದು ಉಪಾಯ ಉಂಟು. ಬೆಳಗ್ಗೆ ಇಡೀ ದಿನದ ಪಾಲನ್ನು ತೂಗುವಾಗಲೇ ಅದರಿಂದ 25 ಗ್ರಾಮ್ ಒಣ ಆಹಾರ ತೆಗೆದು ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅಜ್ಜಿಯ ಕೈಗೆ ಕೊಡಿ. ಯಾರು ಏನು ಕೊಡುವುದಿದ್ದರೂ ಆ ಡಬ್ಬಿಯಿಂದ, ಒಂದೊಂದೇ ಕಾಳು. ನಾಯಿಗೆ ಬೇಕಾದ್ದು ಕೈಯಿಂದ ಸಿಗುವ ಆ ಕ್ಷಣ. ತುಂಡು ದೊಡ್ಡದೋ ಚಿಕ್ಕದೋ ಎಂದು ಅದು ನೋಡುವುದಿಲ್ಲ. ಡಬ್ಬಿ ಖಾಲಿಯಾದರೆ ಸೌತೆಕಾಯಿಯ ತುಂಡು. ಪಾಯಸ ಮಾತ್ರ ಯಾರೂ ನೆಕ್ಕಿಸಬಾರದು, ಅದರಲ್ಲಿರುವ ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು.

ನಮ್ಮ ಕಾಸರಗೋಡಿನ ತೋಟದ ಮನೆಗಳಲ್ಲಿ ಇನ್ನೊಂದು ಕಾಟ: ಹೊರಗಿನ ತಿಂಡಿ. ಅಂಗಳದಲ್ಲಿ ಕೊಪ್ಪರ ಒಣಗಲು ಹಾಕಿದ್ದಾಗ 50 ಗ್ರಾಮ್ ಬಾಯಿಗೆ ಹೋದರೂ 300 ಕ್ಯಾಲೊರಿ ದಾಟಿತು, ಅಂದರೆ ದಿನದ ಊಟದ ಮೂರರಲ್ಲಿ ಒಂದು ಪಾಲು. ಹಟ್ಟಿಯಲ್ಲಿ ಹಿಂಡಿ ಕಲಸಿದ ಅಕ್ಕಚ್ಚಿನ ಬಾಲ್ದಿಗೆ ಮೂತಿ ಹಾಕಿದರೂ ಹಾಗೆಯೇ. ಹಲಸಿನ ಕಾಲದಲ್ಲಿ ಮರದಡಿ ಬಿದ್ದ ಹಣ್ಣನ್ನು ಬೆಳಗ್ಗೆ ನಾಯಿ ಬಿಡುವ ಮೊದಲೇ ಹೆಕ್ಕಿ. ಕೊಪ್ಪರ ಇರುವಷ್ಟು ದಿನ ಕಟ್ಟಿಹಾಕಿ, ಬೇರೆ ದಾರಿ ಇಲ್ಲ.

ಜೂನ್ ಬಂದ ಮೇಲೆ ನಡಿಗೆ ನಿಲ್ಲುತ್ತದೆ, ತೂಕ ಏರುವುದು ಆಗಲೇ. ಸರಿಯಾದ ತೂಕದಲ್ಲಿರುವ ನಾಯಿಗೂ ಮಳೆಗಾಲದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿ ತಕ್ಕಡಿ ನೋಡಿ. ಊಟವನ್ನು ಜಗಲಿಯುದ್ದಕ್ಕೂ ಚೆಲ್ಲಿ ಮೂಸಿ ಹೆಕ್ಕಲು ಬಿಟ್ಟರೆ ಅದೂ ಒಂದು ದುಡಿಮೆ. ಗಬಗಬ ನುಂಗುವುದೂ ತಪ್ಪುತ್ತದೆ. ಸಂತಾನಹರಣದ ಶಸ್ತ್ರಚಿಕಿತ್ಸೆ ಆದ ನಾಯಿಗೆ ಗಾಯ ಒಣಗಿದ ಕೂಡಲೇ ಕಾಲು ಭಾಗದಷ್ಟು ಊಟ ತಗ್ಗಿಸಿ. ಉಬ್ಬಿದ ಮೇಲೆ ಇಳಿಸುವುದು ಬಹಳ ಕಷ್ಟ.

36 ಕಿಲೋದ ನಾಯಿ ವಾರಕ್ಕೆ 350ರಿಂದ 700 ಗ್ರಾಮ್ ಇಳಿದರೆ ಸರಿ. ಅದಕ್ಕಿಂತ ಬೇಗ ಇಳಿದರೆ ಮಾಂಸಖಂಡವೂ ಕರಗುತ್ತದೆ, ಊಟ ಸ್ವಲ್ಪ ಹೆಚ್ಚಿಸಿ. ಎರಡು ತಿಂಗಳು ತೂಗಿಯೇ ಕೊಟ್ಟರೂ ತಕ್ಕಡಿ ಅಲ್ಲಾಡದೆ, ನಾಯಿ ಮಂಕಾಗಿ ರೋಮ ಉದುರುತ್ತಿದ್ದರೆ ಊಟ ಮತ್ತೆ ಕಡಿಮೆ ಮಾಡಲು ಹೋಗಬೇಡಿ. ಪಶುವೈದ್ಯರಲ್ಲಿ ಥೈರಾಯ್ಡ್‌ನ ರಕ್ತಪರೀಕ್ಷೆ ಮಾಡಿಸಿ.