ಡೆಂಟಲ್ ಚೇರ್ ಬಿಟ್ಟು ಮಡಿಲಿಗೆ ಬಂದ ಮೇಲೆ

ಎರಡು ವರ್ಷದೊಳಗಿನ ಮಕ್ಕಳನ್ನು ನಾನು ಈಗ ಡೆಂಟಲ್ ಚೇರ್ ಮೇಲೆ ಕೂರಿಸುವುದೇ ಇಲ್ಲ, ಮಡಿಲಲ್ಲೇ ಒರಗಿಸಿಕೊಂಡು ಹಲ್ಲು ನೋಡುತ್ತೇನೆ. ಶುರು ಮಾಡಿದಾಗ ಹಿರಿಯರೊಬ್ಬರು, "ಹಾಲು ಹಲ್ಲು ಹೇಗೂ ಬೀಳುತ್ತೆ. ಇದನ್ನೇ ಮಾಡ್ತಾ ಕೂತರೆ ಕ್ಲಿನಿಕ್ ಬಾಡಿಗೆ ಹುಟ್ಟುತ್ತಾ?" ಅಂದಿದ್ದರು. ಐದು ವರ್ಷ ಆಯ್ತು. ಬಾಡಿಗೆ ಹುಟ್ಟುತ್ತಿದೆ.

ದುಡ್ಡು ಕಳೆದದ್ದು ಅದಕ್ಕೂ ಮೊದಲು. ಸಾಲ ಮಾಡಿ ಆನೆ ಆಕಾರದ ಪುಟ್ಟ ಚೇರ್ ತಂದೆ, ಮೇಲೊಂದು ಟಿವಿ. ಕಂತು ತೀರಲು ಮೂರು ವರ್ಷ ಹಿಡಿಯಿತು. ನಾಲ್ಕು ವರ್ಷದವರಿಗೆ ಅದು ಸರಿ. ಒಂದೂವರೆ ವರ್ಷದ ಕೂಸು ಅಮ್ಮನ ಕೈ ಬಿಟ್ಟ ಕೂಡಲೇ ಕಿರುಚುತ್ತಿತ್ತು. ಒಂದು ಮಗುವಿಗೆ ಬಲವಂತವಾಗಿ ಮೌತ್ ಪ್ರಾಪ್ (ಬಾಯಿ ಮುಚ್ಚದಂತೆ ಹಲ್ಲಿನ ನಡುವೆ ಇಡುವ ಆಸರೆ) ಇಟ್ಟೆ. ಆ ತಾಯಿ ಮತ್ತೆ ಬರಲೇ ಇಲ್ಲ. ಆ ಮಗುವಿನ ಮೇಲ್ದವಡೆಯ ನಾಲ್ಕು ಹಲ್ಲು ಏನಾದವೋ ಅಂತ ಈಗಲೂ ಸಂಕಟವಾಗುತ್ತೆ.

ಈಗ ಎರಡು ಮಾಮೂಲಿ ಕುರ್ಚಿ ಸಾಕು. ನಾನೂ ಅಮ್ಮನೂ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತೇವೆ. ಮಗು ಅಮ್ಮನ ಸೊಂಟದ ಸುತ್ತ ಕಾಲು ಹಾಕಿ, ಹಿಂದಕ್ಕೆ ನನ್ನ ಮಡಿಲಿಗೆ ಒರಗುತ್ತೆ. ಅಳುತ್ತೆ, ಅಳಲಿ, ಬಾಯಿ ತಾನಾಗೇ ತೆರೆಯುತ್ತೆ. ಮೇಲ್ತುಟಿ ಎತ್ತಿದರೆ ಒಸಡಿನ ಅಂಚಲ್ಲಿ ಸುಣ್ಣ ಎಳೆದ ಹಾಗೆ ಬಿಳಿ ಗೆರೆ, ಅದೇ ಹುಳುಕಿನ ಶುರು. ಅಷ್ಟರಲ್ಲೇ ಸಿಕ್ಕರೆ ಡ್ರಿಲ್ ಬೇಡ. ಗಾಜ್ ಬಟ್ಟೆಯಿಂದ ಒರೆಸಿ ವಾರ್ನಿಶ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಹಚ್ಚಲು ಎರಡು ನಿಮಿಷ. ಒರಗಿಸುವ ಮುಂಚೆ ಮಗುವಿನ ಕಿವಿಯಲ್ಲಿ ಏನು ಹೇಳುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಿಜವಾದ ಕೆಲಸ ಆಮೇಲಿದೆ. ಮಗುವನ್ನು ತಿರುಗಿಸಿ ತಲೆಯನ್ನು ಅಮ್ಮನ ಮಡಿಲಿಗೆ ಇಟ್ಟು, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿದ ಬ್ರಷ್ ಕೊಟ್ಟು, "ನೀವೇ ಉಜ್ಜಿ ತೋರಿಸಿ ಅಮ್ಮಾ" ಅಂತೀನಿ. ಹತ್ತರಲ್ಲಿ ಎಂಟು ಜನ ತುಟಿ ಎತ್ತುವುದೇ ಇಲ್ಲ. ಬ್ರಷ್ ಹಲ್ಲಿನ ತುದಿಯಲ್ಲೇ ಓಡಾಡುತ್ತೆ. ಬಾಯಲ್ಲಿ ಎಷ್ಟು ಹೇಳಿದರೂ ಆಗದ್ದು, ಅವರ ಬೆರಳು ಹಿಡಿದು ತುಟಿ ಎತ್ತಿಸಿದಾಗ ಆಯ್ತು.

ಹುಳುಕು ಮುಂದುವರಿಯದಂತೆ ಹಚ್ಚುವ ಎಸ್‌ಡಿಎಫ್ (ಸಿಲ್ವರ್ ಡೈಅಮೈನ್ ಫ್ಲೋರೈಡ್) ದ್ರವದಲ್ಲೂ ಪೆಟ್ಟು ತಿಂದೆ. ಹುಳುಕು ಕಪ್ಪಾಗುತ್ತೆ ಅಂತ ಮೊದಲೇ ಬಿಡಿಸಿ ಹೇಳಿರಲಿಲ್ಲ. ಮುಂದಿನ ಹಲ್ಲು ನೋಡಿ ಆ ತಾಯಿ ಅತ್ತುಬಿಟ್ಟರು. ಮೇಲೆ ಗ್ಲಾಸ್ ಅಯನೋಮರ್ ಅನ್ನೋ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿ ನೋಡಿದೆ, ಕಪ್ಪು ಒಳಗಿಂದ ಇಣುಕಿತು. ಈಗ ಫೋಟೊ ತೋರಿಸಿ, ಸಹಿ ತೆಗೆದುಕೊಂಡೇ ಹಚ್ಚೋದು. ನಡುವೆ ಮೂರು ಫ್ಲೇವರ್ ವಾರ್ನಿಶ್ ತರಿಸಿದ್ದು ಸುಮ್ನೆ ಖರ್ಚು. ಕೈಗೊಂದು ಖಾಲಿ ಬ್ರಷ್ ಕೊಟ್ಟರೆ ಮಗು ಅದಕ್ಕಿಂತ ಬೇಗ ಸುಮ್ಮನಾಗುತ್ತೆ.

ನೆನಪಿನ ಲೆಕ್ಕದಲ್ಲಿ ಬಿಳಿ ಗೆರೆಯಿದ್ದ ಅರವತ್ತು ಮಕ್ಕಳಲ್ಲಿ ಗುಳಿ ಬಿದ್ದದ್ದು ಏಳೆಂಟಕ್ಕೆ. ವಾರ್ನಿಶ್‌ನಿಂದ ಬರೋ ದುಡ್ಡು ಕಡಿಮೆ, ನಿಜ. ಆದರೆ ಆ ಅಮ್ಮಂದಿರು ದೊಡ್ಡ ಮಗುವನ್ನೂ ಕರೆತರುತ್ತಾರೆ, ಆಮೇಲೆ ತಮ್ಮ ಹಲ್ಲಿಗೂ ಬರುತ್ತಾರೆ. ಗೆರೆಯಿದ್ದ ಮಕ್ಕಳನ್ನು ಮೂರು ತಿಂಗಳಿಗೆ ಮತ್ತೆ ಕರೆಯುತ್ತೇನೆ. ಬರದಿದ್ದರೆ ಫೋನ್ ಮಾಡೋದು ನಾನೇ, ರಿಸೆಪ್ಷನ್‌ನವರಲ್ಲ.