ಹಳೇ ಸ್ಲಾಟ್ ಮೆಷಿನ್ ಹಿಡಿ ಜಗ್ಗದಿದ್ದಾಗ ನಾನು ಮಾಡಿದ್ದು

ಸಿದ್ದಾಪುರದ ಹತ್ತಿರ ಒಂದು ಹಳೇ ಎಸ್ಟೇಟ್ ಬಂಗಲೆಯ ಸಾಮಾನು ಮಾರುವಾಗ ಚಿಕಾಗೋದ ಮಿಲ್ಸ್ ಕಂಪನಿಯ ಸ್ಲಾಟ್ ಮೆಷಿನ್ ಸಿಕ್ಕಿತು, ಅಂದರೆ ನಾಣ್ಯ ಹಾಕಿ ಹಿಡಿ ಎಳೆದರೆ ಚಿತ್ರಗಳಿರುವ ಮೂರು ಚಕ್ರ ತಿರುಗುವ ಜೂಜಿನ ಯಂತ್ರ. ಹಿಡಿ ಮಾತ್ರ ಒಂದಿಂಚೂ ಜಗ್ಗುತ್ತಿರಲಿಲ್ಲ. ನಾಣ್ಯ ಸರಿಯಾಗಿ ಕೂರದಿದ್ದರೆ ಹಿಡಿ ಲಾಕ್ ಆಗಿರುತ್ತದೆ, ಅದು ಮೆಷಿನ್ನಿನ ಗುಣ. ಸುಮ್ನೆ ಬಲ ಹಾಕಿದರೆ ಒಳಗಿನ ಹಲ್ಲು ಮುರಿಯುತ್ತದೆ.

ಹಿಂಬಾಗಿಲು ತೆಗೆದು, ಇಡೀ ಯಂತ್ರವನ್ನು ಮರದ ಪೆಟ್ಟಿಗೆಯಿಂದ ಹೊರಗೆ ಎಳೆದೆ. ನಾಣ್ಯದ ದಾರಿಯಲ್ಲಿ ಯಾರೋ ತುರುಕಿದ್ದ ನಮ್ಮ 2011ರ ಮಾದರಿಯ ಒಂದು ರೂಪಾಯಿ ಓರೆಯಾಗಿ ಸಿಕ್ಕಿಕೊಂಡಿತ್ತು! ಇದು ಅಮೆರಿಕದ 5 ಸೆಂಟ್ ನಿಕಲ್‌ಗೆ ಮಾಡಿದ್ದು, ಅದರ ಅಗಲ 21.21 ಮಿ.ಮೀ. ನಮ್ಮದು 21.93. ಮರದ ಕಡ್ಡಿಯಿಂದ ಹಿಂದಕ್ಕೆ ತಳ್ಳಿ ತೆಗೆದೆ.

ಹಿಡಿ ಬಂತು, ಆದರೆ ಚಕ್ರಗಳು ನಿಲ್ಲಲೇ ಇಲ್ಲ. ಅವುಗಳನ್ನು ಒಂದಾದ ಮೇಲೊಂದು ನಿಲ್ಲಿಸುವುದು ಪಕ್ಕದ ಗಡಿಯಾರದಂಥ ಭಾಗ, ಪುಟ್ಟ ಫ್ಯಾನ್ ಇರುತ್ತದಲ್ವಾ, ಅದು. ಹಳೇ ಗ್ರೀಸ್ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಚ್ಚಿದ ಬ್ರಷ್‌ನಿಂದ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ ಹಾಕಿದೆ. ಗ್ರೀಸ್ ಬೇಡವೇ ಬೇಡ. ಈಗ ಟಕ್, ಟಕ್, ಟಕ್ ಅಂತ ಮೂರೂ ಸರಿಯಾಗಿ ನಿಲ್ಲುತ್ತವೆ.

ಕೊಳ್ಳುವವರು ಯಂತ್ರದ ಮೇಲಿನ ನಂಬರ್, ಪೆಟ್ಟಿಗೆಯ ನಂಬರ್ ಎರಡನ್ನೂ ನೋಡಿ. ಬೇರೆಬೇರೆ ಇದ್ದರೆ ಎರಡು ಮೆಷಿನ್ ಸೇರಿಸಿ ಒಂದು ಮಾಡಿರುವ ಸಾಧ್ಯತೆ ಜಾಸ್ತಿ, ಬೆಲೆ ಇಳಿಸಿ ಕೇಳಿ. ನನ್ನದರಲ್ಲಿ ಎರಡೂ ಒಂದೇ. ಮಳೆಗಾಲದಲ್ಲಿ ಮಾತ್ರ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ, ಇಲ್ಲಿನ ತೇವ ಗೊತ್ತಲ್ಲ.