ರಜೆಗೆ ಊರಿಗೆ ಹೊರಟಾಗ ಬೆಕ್ಕನ್ನು ಯಾರಿಗೆ ಒಪ್ಪಿಸುವುದು?

ಬೆಕ್ಕು ಸಾಕಿದವರು ರಜೆಗೆ ಮುಂಚೆ ಒಂದು ವಿಷಯ ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ಮನೆಯವರು ನಾಲ್ಕು ದಿನ ಕಾಣದಿದ್ದರೆ ಬೆಕ್ಕಿಗೆ ಬೇಸರವಾಗುತ್ತದೆ, ನಿಜ. ಆದರೆ ಜಾಗ ಬದಲಾದರೆ ಆಗುವ ಗಾಬರಿ ಅದಕ್ಕಿಂತ ಜಾಸ್ತಿ. ಅದಕ್ಕೇ ನಾನು ದಸರಾಕ್ಕೋ ಬೇಸಿಗೆಗೋ ಸಾಗರದ ಹತ್ತಿರದ ನಮ್ಮೂರಿಗೆ ಹೊರಟಾಗ ಗುಂಡ ಇಲ್ಲೇ, ಬೆಂಗಳೂರಿನ ವಿದ್ಯಾರಣ್ಯಪುರದ ಬಾಡಿಗೆ ಮನೆಯಲ್ಲೇ ಇರುತ್ತಾನೆ. ಗುಂಡ ಬೂದಿ ಬಣ್ಣದ ಗಂಡು ಬೆಕ್ಕು. ಸಂತಾನಹರಣ ಆಪರೇಷನ್ ಆಗಿದೆ, ಹೆಸರಿಗೆ ತಕ್ಕ ಹೊಟ್ಟೆಯೂ ಇದೆ.

ಜೊತೆಗೇ ಕರೆದುಕೊಂಡು ಹೋಗಬಾರದಾ ಅಂತ ಹಲವರು ಕೇಳುತ್ತಾರೆ. ರೈಲಲ್ಲಿ ಸ್ಲೀಪರ್, ತ್ರೀ ಟಯರ್, ಟೂ ಟಯರ್‌ಗಳಲ್ಲಿ ಪ್ರಾಣಿಯನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಗಲು ಅನುಮತಿ ಇಲ್ಲ. ಫಸ್ಟ್ ಎಸಿಯ ಕೂಪೆ ಪೂರ್ತಿ ಬುಕ್ ಮಾಡಬೇಕು, ಇಲ್ಲವೇ ಗಾರ್ಡ್ ಹತ್ತಿರದ ಬ್ರೇಕ್ ವ್ಯಾನ್‌ಗೆ ಹಾಕಬೇಕು. ಕಾರಲ್ಲಿ ಹೋದರೂ ನಮ್ಮೂರ ಮನೆಗೆ ಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಹಿತ್ತಿಲು ದಾಟಿದರೆ ಅಡಿಕೆ ತೋಟ. ಗಾಬರಿಯಲ್ಲಿ ಓಡಿದ ಪೇಟೆ ಬೆಕ್ಕು ವಾಪಸ್ ಬರುವ ದಾರಿ ಕಂಡುಕೊಳ್ಳುತ್ತದೆ ಅಂತ ನನಗೆ ಧೈರ್ಯವಿಲ್ಲ.

ಹಾಗಾಗಿ ಮನೆಗೆ ಬಂದು ನೋಡಿಕೊಳ್ಳುವವರು ಬೇಕು. ಇಲ್ಲಿ ಗಮನ ಕೊಡಿ. ಊಟ ಹಾಕಿ ಹೋಗುವವರು ಸುಲಭವಾಗಿ ಸಿಗುತ್ತಾರೆ. ಬೆಕ್ಕನ್ನು ಕಣ್ಣಿಟ್ಟು ನೋಡುವವರನ್ನು ಹುಡುಕಬೇಕು. ಬೆಕ್ಕು ನೋವನ್ನು ತೋರಿಸಿಕೊಳ್ಳುವುದಿಲ್ಲ, ಸುಮ್ನೆ ಮಂಚದ ಕೆಳಗೆ ಸೇರಿಬಿಡುತ್ತದೆ. ಬಟ್ಟಲು ತುಂಬಿಸಿ ಬೀಗ ಹಾಕಿ ಹೋದವರಿಗೆ ಅದು ಗೊತ್ತೇ ಆಗುವುದಿಲ್ಲ.

ನಮ್ಮ ಕೆಳಗಿನ ಮನೆಯ ಓನರ್ ಆಂಟಿ ತುಂಬಾ ಒಳ್ಳೆಯವರು, ಆದರೆ ಮಡಿ ಇದೆ. ಮೀನು, ಕೋಳಿ ಇರುವ ಪೊಟ್ಟಣ ಮುಟ್ಟುವುದಿಲ್ಲ. ಅವರ ಮೊಮ್ಮಗಳು ಪಿಯುಸಿ ಓದುತ್ತಾಳೆ, ಅವಳಿಗೆ ಗುಂಡನೆಂದರೆ ಪ್ರಾಣ. ಬೆಳಿಗ್ಗೆ ಆಂಟಿ ಬಂದು ನೀರು ಬದಲಿಸಿ ಒಣ ಊಟ ಸುರಿಯುತ್ತಾರೆ. ಸಂಜೆ ಮೊಮ್ಮಗಳು ಬಂದು ಗುಂಡ ಕಕ್ಕ, ಉಚ್ಚೆ ಮಾಡುವ ಮಣ್ಣಿನ ಟ್ರೇ ಕ್ಲೀನ್ ಮಾಡಿ, ಅರ್ಧ ಗಂಟೆ ಕೂತು ದಾರದ ಕೋಲು ಆಡಿಸುತ್ತಾಳೆ. ಇಬ್ಬರೂ ಒಪ್ಪುವ ಕೆಲಸವನ್ನೇ ಹಂಚಿದ್ದರಿಂದ ಯಾರಿಗೂ ಸಂಕೋಚವಿಲ್ಲ. ಒಂದೊಂದು ಹೊತ್ತಿನ ಊಟವನ್ನು ನಾನು ಮೊದಲೇ ಅಳೆದು ಸಣ್ಣ ಸ್ಟೀಲ್ ಡಬ್ಬಿಗಳಲ್ಲಿ ತುಂಬಿಸಿ ಇಡುತ್ತೇನೆ. ಡಬ್ಬಿ ಮಗುಚಿದರೆ ಮುಗಿಯಿತು, ಕೈ ಹಾಕುವುದೇ ಬೇಡ.

ದುಡ್ಡು ಕೊಟ್ಟು ಸಿಟ್ಟರ್, ಅಂದರೆ ಮನೆಗೇ ಬಂದು ಸಾಕುಪ್ರಾಣಿ ನೋಡಿಕೊಳ್ಳುವವರನ್ನು, ಕರೆಸುವುದಾದರೆ ಹಬ್ಬಕ್ಕೆ ಬಹಳ ಮುಂಚೆಯೇ ಹೇಳಿ. ಹಬ್ಬಕ್ಕೆ ಅವರೂ ಊರಿಗೆ ಹೋಗುವವರೇ ಅಲ್ವಾ? ಯಾರೇ ಆಗಲಿ, ನೀವು ಮನೆಯಲ್ಲಿರುವಾಗಲೇ ನಾಲ್ಕಾರು ಸಲ ಬರಲಿ. ಬಂದವರು ಬೆಕ್ಕನ್ನು ಎತ್ತಿಕೊಳ್ಳಲು ಹೋಗದೆ ನೆಲದ ಮೇಲೆ ಕೂರಲಿ. ಅದೇ ಬಂದು ಮೂಸಿ ನೋಡಲಿ. ಆಮೇಲೆ ಒಂದು ಶನಿವಾರ, ಭಾನುವಾರ ನೀವಿಲ್ಲದೆ ನಡೆಸಿ ನೋಡಿ.

ಈಗ ಟ್ರೇ ವಿಷಯ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬೆಕ್ಕಿನ ಆರೋಗ್ಯ ಅಲ್ಲೇ ಕಾಣುತ್ತದೆ. ಬೆಂಟೊನೈಟ್ ಮಣ್ಣು ಹಾಕಿದ್ದರೆ ಮೂತ್ರ ಬಿದ್ದಲ್ಲಿ ಉಂಡೆ ಕಟ್ಟುತ್ತದೆ. ಗುಂಡನದು ದಿನಕ್ಕೆ ಎರಡು ಮೂರು ಉಂಡೆ, ಒಂದೊಂದೂ ನಿಂಬೆಹಣ್ಣಿಗಿಂತ ದೊಡ್ಡದು. ಸಂಜೆ ನನಗೆ ಬರುವ ಮೆಸೇಜ್ ಅದೇ: "ಮಿಸ್, ಇವತ್ತು ಮೂರು ಉಂಡೆ." ಓದಿದರೆ ನೆಮ್ಮದಿ. ಉಂಡೆ ಕಡಲೆಕಾಳಿನಷ್ಟು ಸಣ್ಣದಾದರೆ, ಅಥವಾ ಒಂದೂ ಇಲ್ಲದಿದ್ದರೆ, ಗಂಡು ಬೆಕ್ಕಿನ ವಿಷಯದಲ್ಲಿ ಕಾಯುವಂತಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳೋ ಲೋಳೆಯೋ ಸಿಕ್ಕಿಕೊಂಡರೆ ಕಟ್ಟಿಹೋಗುತ್ತದೆ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತದೆ, ಕೂಗುತ್ತದೆ. ನೋಡಿದವರು ಕಕ್ಕ ಕಟ್ಟಿದೆ ಅಂದುಕೊಳ್ಳುತ್ತಾರೆ. ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ರಾತ್ರಿ ಆಗಿದ್ದರೂ ಆಸ್ಪತ್ರೆಗೆ ಒಯ್ಯಬೇಕು.

ಫ್ರಿಜ್ ಮೇಲೆ ನಾನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸುವ ಹಾಳೆ ಇದು. ಬೇಕಾದರೆ ಹೀಗೇ ಬರೆದುಕೊಳ್ಳಿ:

"ಬಂದ ತಕ್ಷಣ ಬಾಗಿಲು ಹಾಕಿಕೊಳ್ಳಿ. ಗುಂಡನನ್ನು ಕಣ್ಣಲ್ಲಿ ನೋಡದೆ ಹೋಗಬೇಡಿ. ಒಂದು ದಿನ ಪೂರ್ತಿ ತಿನ್ನದಿದ್ದರೆ ನನಗೆ ಫೋನ್ ಮಾಡಿ, ಎರಡನೇ ದಿನವೂ ತಿನ್ನದಿದ್ದರೆ ಡಾಕ್ಟರ್ ಹತ್ತಿರ. ಉಂಡೆ ಇಲ್ಲದಿದ್ದರೆ, ತಿಣುಕುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಆಗಲೇ ಹೊರಡಿ. ಹಾಲು ಬೇಡ. ಸಾರನ್ನ ಬೇಡ. ಯಾವ ಮಾತ್ರೆಯೂ ಬೇಡ."

ಕೊನೆಯ ಮೂರು ಸಾಲಿಗೆ ಕಾರಣ ಇದೆ. ನೋಡಿಕೊಳ್ಳುವವರು ಪ್ರೀತಿಯಿಂದಲೇ ಏನಾದರೂ ಕೊಡಲು ನೋಡುತ್ತಾರೆ. ದೊಡ್ಡ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಸಾರಿನಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ಕೆಟ್ಟದ್ದು. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರಂತೂ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. ಇನ್ನು ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಲಿವರ್‌ಗೆ ತುಂಬಿಕೊಂಡು ಲಿವರ್ ಕೆಡಬಹುದು. "ಹಸಿವಾದರೆ ತಿನ್ನುತ್ತದೆ ಬಿಡಿ" ಅನ್ನುವ ಮಾತು ಬೆಕ್ಕಿಗೆ ಹೊಂದುವುದಿಲ್ಲ.

ಅದೇ ಹಾಳೆಯಲ್ಲಿ ಡಾಕ್ಟರ್ ನಂಬರ್, ರಾತ್ರಿ ತೆರೆದಿರುವ ಕ್ಲಿನಿಕ್ಕಿನ ನಂಬರ್ ಇರಲಿ. ನಮಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ, ಅದನ್ನೂ ಬರೆದಿದ್ದೇನೆ. ಡಾಕ್ಟರಿಗೆ ಮೊದಲೇ ಹೇಳಿಡಿ: ನಾನಿಲ್ಲದಾಗ ಇವರು ತಂದರೆ ಚಿಕಿತ್ಸೆ ಕೊಡಿ, ದುಡ್ಡು ನಾನು ಕಳಿಸುತ್ತೇನೆ ಅಂತ. ಬೆಕ್ಕು ಒಯ್ಯುವ ಬುಟ್ಟಿ ಅಟ್ಟದ ಮೇಲಿದ್ದರೆ ಪ್ರಯೋಜನವಿಲ್ಲ. ಹಾಲ್‌ನಲ್ಲಿ ಬಾಗಿಲು ತೆಗೆದು, ಒಳಗೆ ಹಳೆ ಟವೆಲ್ ಹಾಸಿ ಇಡಿ. ಗುಂಡ ಮಧ್ಯಾಹ್ನ ಅದರಲ್ಲೇ ಮಲಗುತ್ತಾನೆ. ಬುಟ್ಟಿ ಅವನಿಗೆ ಭಯದ ವಸ್ತುವಾಗಿ ಉಳಿದಿಲ್ಲ.

ಹೊರಡುವ ದಿನ ಮನೆ ಸುತ್ತಿ ನೋಡುವ ಕೆಲಸ ಇದೆ. ಗಾಳಿಗೆ ರೂಮಿನ ಬಾಗಿಲು ಬಡಿದುಕೊಂಡರೆ ಬೆಕ್ಕು ಊಟ, ನೀರು, ಟ್ರೇ ಇಲ್ಲದೆ ಒಳಗೇ ಉಳಿಯುತ್ತದೆ. ನಾನು ಒಂದೊಂದು ಬಾಗಿಲಿಗೂ ಭಾರದ ವಸ್ತು ಒತ್ತಿಡುತ್ತೇನೆ, ಅಡುಗೆಮನೆ ಬಾಗಿಲಿಗೆ ಕುಟ್ಟಾಣಿ. ಬೀರು, ವಾಷಿಂಗ್ ಮೆಷಿನ್ ಒಳಗೆ ಇಣುಕಿ ನೋಡಿ. ಬಾಲ್ಕನಿಗೆ ಬಲೆ ಇಲ್ಲದಿದ್ದರೆ ಅದರ ಬಾಗಿಲು ಹಾಕಿಯೇ ಇರಲಿ.

ದೇವರ ಮನೆಯನ್ನು ಮರೆಯಬೇಡಿ. ಮಲ್ಲಿಗೆ ಮಾಲೆ ಬಾಡಿ ಉದುರಿದ ಮೇಲೆ ಉಳಿಯುವ ದಾರ ಬೆಕ್ಕಿಗೆ ಆಟದ ಸಾಮಾನು. ಅದರ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿರುತ್ತವೆ. ದಾರ ಬಾಯಿಗೆ ಹೋದರೆ ಉಗುಳಲು ಬರುವುದಿಲ್ಲ, ಒಳಕ್ಕೇ ಹೋಗುತ್ತದೆ. ಕರುಳಲ್ಲಿ ಸಿಕ್ಕಿ ಕರುಳನ್ನೇ ನೆರಿಗೆ ಕಟ್ಟಿಸುತ್ತದೆ, ಆಪರೇಷನ್ ಬೇಕಾಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬಾರದು ಅಂತಲೂ ಹೇಳಿಡಿ. ಹೂದಾನಿಯಲ್ಲಿ ಲಿಲ್ಲಿ ಹೂ ಇದ್ದರೆ ಮನೆಯಿಂದಲೇ ಹೊರಗೆ ಹಾಕಿ. ಅದರ ಪರಾಗ ನೆಕ್ಕಿದರೂ ಕಿಡ್ನಿ ಹೋಗಬಹುದು.

ನೀರನ್ನು ಎರಡು ಮೂರು ಕಡೆ ಇಡಿ, ಒಂದು ಉರುಳಿದರೆ ಇನ್ನೊಂದಿರಲಿ. ಇರುವೆ ಕಾಟಕ್ಕೆ ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಊಟದ ಬಟ್ಟಲು ಇಟ್ಟರೆ ಸಾಕು. ಪೊಟ್ಟಣದ ಹಸಿ ಊಟ ಬೇಸಿಗೆಯಲ್ಲಿ ಬೇಗ ಹಳಸುತ್ತದೆ, ತಿಂದು ಉಳಿದದ್ದನ್ನು ಆಗಲೇ ತೆಗೆಯಬೇಕು. ಊಟ ಹಾಕುವ ಮೆಷಿನ್ ಇದ್ದರೆ ಬ್ಯಾಟರಿ ಹಾಕಿಡಿ, ಕರೆಂಟ್ ಹೋಗುತ್ತದೆ. ಮೆಷಿನ್ ಇದೆ ಅಂತ ಮನುಷ್ಯರನ್ನು ಬೇಡ ಅನ್ನಬೇಡಿ.

ದೀಪಾವಳಿಗೆ ಹೋಗುವುದಾದರೆ ರಸ್ತೆಯಿಂದ ದೂರದ ಒಂದು ರೂಮಿನ ಕಿಟಕಿ ಹಾಕಿ, ಪರದೆ ಎಳೆದು, ನೀವು ಉಟ್ಟ ಹಳೆ ಕಾಟನ್ ಸೀರೆಯೋ ಹೊದಿಕೆಯೋ ಮೂಲೆಯಲ್ಲಿ ಹಾಕಿಡಿ. ನಿಮ್ಮ ವಾಸನೆ ಇದ್ದಲ್ಲಿ ಅದಕ್ಕೆ ಧೈರ್ಯ. ಅಡಗಿ ಕೂತಿದ್ದರೆ ಹೊರಗೆ ಎಳೆಯುವುದು ಬೇಡ.

ಬರುವವರು ಯಾರೂ ಸಿಗದಿದ್ದರೆ ಬೋರ್ಡಿಂಗ್, ಅಂದರೆ ದುಡ್ಡು ತೆಗೆದುಕೊಂಡು ಸಾಕುಪ್ರಾಣಿಗಳನ್ನು ಇರಿಸಿಕೊಳ್ಳುವ ಜಾಗ. ಮೊದಲು ಹೋಗಿ ನೋಡಿ ಬನ್ನಿ. ನಾಯಿಗಳ ಬೊಗಳು ಕೇಳದ ಬೇರೆ ರೂಮ್ ಇದೆಯಾ? ಅಡಗಿಕೊಳ್ಳಲು ಮರೆ ಇದೆಯಾ? ಲಸಿಕೆ ಕಾರ್ಡ್ ಕೇಳದ ಜಾಗಕ್ಕೆ ನಾನಂತೂ ಬಿಡುವುದಿಲ್ಲ. ಇವತ್ತು ನಿಮ್ಮದನ್ನು ಕೇಳದವರು ನಿನ್ನೆ ಬಂದವರದ್ದನ್ನೂ ಕೇಳಿರುವುದಿಲ್ಲ. ಟ್ರೈಕ್ಯಾಟ್ (ಬೆಕ್ಕಿನ ಮೂರು ಕಾಯಿಲೆಗೆ ಸೇರಿಸಿ ಹಾಕುವ ಲಸಿಕೆ) ಮತ್ತು ರೇಬಿಸ್ ಎರಡೂ ಆಗಿರಬೇಕು. ಮೊದಲ ಸಲ ಹಾಕಿಸುವುದಾದರೆ ಟ್ರೈಕ್ಯಾಟ್ ಎರಡನೇ ಡೋಸ್ ಮೂರು ನಾಲ್ಕು ವಾರ ಬಿಟ್ಟು ಬರುತ್ತದೆ, ಹಾಗಾಗಿ ರಜೆಗೆ ಒಂದೂವರೆ ತಿಂಗಳು ಮುಂಚೆ ಶುರು ಮಾಡಿ.

ವಾಪಸ್ ಬಂದ ದಿನ ಬೆಕ್ಕು ಮುಖ ತಿರುಗಿಸಿದರೆ ಬಿಟ್ಟುಬಿಡಿ, ಸಂಜೆ ಹೊತ್ತಿಗೆ ಸರಿಹೋಗುತ್ತದೆ. ಮೊದಲು ಬೆನ್ನು, ಹೊಟ್ಟೆ ಸವರಿ ನೋಡಿ, ಇಳಿದಿದೆಯಾ ಅಂತ. ಟ್ರೇ ಮಣ್ಣು ಪೂರ್ತಿ ಬದಲಿಸಿ. ನಾನು ಆಂಟಿಗೆ ಊರಿನ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ತರುತ್ತೇನೆ. ಮೊಮ್ಮಗಳಿಗೆ ದುಡ್ಡೇ ಕೊಡುತ್ತೇನೆ, ಅವಳು ಮಾಡಿದ್ದು ಕೆಲಸ. ಮುಂದಿನ ರಜೆಯ ತಾರೀಖನ್ನೂ ಅವತ್ತೇ ಹೇಳಿಬಿಡುತ್ತೇನೆ, ಅವಳ ಪರೀಕ್ಷೆ ಅದೇ ವಾರ ಬಂದರೆ ಬೇರೆಯವರನ್ನು ಹುಡುಕಲು ಸಮಯ ಸಿಗುತ್ತದೆ.